ದುಬಾರಿ ಏಷ್ಯನ್ ರೆಸ್ಟೋರೆಂಟಿಗೆ ಮನೆಮಂದಿಯೊಂದಿಗೆ: ಟೇಬಲ್ ಬುಕ್ ಮಾಡುವುದರಿಂದ ಬಿಲ್ ಕೊಡುವವರೆಗೆ

ಅಪ್ಪನಿಗೆ ಅರವತ್ತು ತುಂಬಿದ ದಿನ ನಾವು ಆರು ಜನ ಬೆಂಗಳೂರಿನ ಒಂದು ದೊಡ್ಡ ಏಷ್ಯನ್ ರೆಸ್ಟೋರೆಂಟಿಗೆ ಹೋಗಿದ್ದೆವು. ಅಮ್ಮ ಹುಟ್ಟಿದಾಗಿನಿಂದ ಸಸ್ಯಾಹಾರಿ. ಮೆನುವಿನಲ್ಲಿ ಹಸಿರು ಚುಕ್ಕೆ ಕಂಡಿತು, ಅಷ್ಟನ್ನೇ ನಂಬಿ ಅವಳಿಗೆ ಜಪಾನಿನ ಮಿಸೊ ಸೂಪ್ (ಹುದುಗಿಸಿದ ಸೋಯಾದ ಸಾರು) ಹೇಳಿದೆ. ಅರ್ಧ ಬಟ್ಟಲು ಕುಡಿದ ಮೇಲೆ "ಇದ್ಯಾಕೋ ಮೀನಿನ ವಾಸನೆ ಬರ್ತಿದೆಯಲ್ಲೇ" ಅಂದಳು. ಬಡಿಸುವ ಹುಡುಗನನ್ನು ಕರೆದು ವಿಚಾರಿಸಿದೆ. ಅವನು ಅಡುಗೆಮನೆಗೆ ಹೋಗಿ ಬಂದು, "ಮೀನಿನ ತುಂಡು ಇಲ್ಲ ಮೇಡಂ, ಸಾರಿಗೆ ಮಾತ್ರ ಒಣಮೀನು ಹಾಕಿರುತ್ತಾರೆ" ಎಂದ. ಅಮ್ಮ ಏನೂ ಅನ್ನಲಿಲ್ಲ. ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಆ ರಾತ್ರಿ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ.

ಹಸಿರು ಚುಕ್ಕೆ ಹಾಕಿದ್ದು ಅವರ ತಪ್ಪು. ಒಂದು ಮಾತು ಕೇಳದೆ ಇದ್ದದ್ದು ನನ್ನ ತಪ್ಪು. ಕೇಳದೆ ಇದ್ದದ್ದಕ್ಕೆ ಕಾರಣ ಸಂಕೋಚ. ಹೊಳೆಯುವ ನೆಲ, ಮಂದ ಬೆಳಕು, ಬಾಯಿಗೆ ಬಾರದ ಹೆಸರುಗಳು, ಪಕ್ಕದ ಟೇಬಲಿನ ಇಂಗ್ಲಿಷು. ಇವೆಲ್ಲ ಸೇರಿ ನಮ್ಮಂಥವರ ಬಾಯಿ ಕಟ್ಟಿಬಿಡುತ್ತವೆ. ದರ್ಶಿನಿಯಲ್ಲಿ "ಸಾಂಬಾರಿಗೆ ಬೆಳ್ಳುಳ್ಳಿ ಹಾಕಿದ್ದೀರಾ?" ಎಂದು ನಿಂತಲ್ಲೇ ಕೇಳುವ ನಾವು, ತಲೆಗೆ ಎರಡು ಮೂರು ಸಾವಿರ ಕೊಡುವ ಕಡೆ ಸುಮ್ಮನೆ ತಲೆಯಾಡಿಸುತ್ತೇವೆ. ಆಮೇಲೆ ಇಂಥ ಕಡೆಗೆ ಅಮ್ಮನನ್ನೂ ಕರೆದುಕೊಂಡು ಎಷ್ಟೋ ಸಲ ಹೋಗಿದ್ದೇನೆ, ಚೆನ್ನಾಗಿ ಉಂಡು ಬಂದಿದ್ದೇವೆ. ಹೇಗೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಬರೆಯುತ್ತೇನೆ.

1. ಬೋರ್ಡಿನ ಹಿಂದೆ ಏನಿದೆ ಎಂದು ತಿಳಿಯಿರಿ

"ಏಷ್ಯನ್" ಎಂದು ಬರೆದಿರುವ ಕಡೆಗಳಲ್ಲಿ ಮೂರು ಬಗೆಯಿದೆ. ಒಂದೇ ದೇಶದ ಅಡುಗೆ ಮಾಡುವವರು ಮೊದಲ ಬಗೆ. ತಾಜ್ ವೆಸ್ಟ್ ಎಂಡ್‌ನ ಬ್ಲೂ ಜಿಂಜರ್ ವಿಯೆಟ್ನಾಂ ಅಡುಗೆಗೆ, ಐಟಿಸಿ ಗಾರ್ಡೇನಿಯಾದ ಎಡೊ ಜಪಾನಿನ ಅಡುಗೆಗೆ ಹೆಸರಾದವು. ಎರಡನೆಯದು ಪ್ಯಾನ್ ಏಷ್ಯನ್: ಒಂದೇ ಮೆನುವಿನಲ್ಲಿ ಜಪಾನಿನ ಸುಶಿ (ಮೀನು ಅಥವಾ ತರಕಾರಿ ಸೇರಿಸಿದ ಅನ್ನದ ತುತ್ತು), ಚೀನಾದ ಡಿಮ್ ಸಮ್ (ಹಬೆಯ ಕಡುಬು), ಥಾಯ್ ಕರಿ, ಕೊರಿಯಾದ ಕಿಮ್ಚಿ ಇರುತ್ತವೆ, ಆದರೆ ಒಂದೊಂದು ತಟ್ಟೆ ಒಂದೊಂದು ದೇಶದ್ದು. ಮೂರನೆಯದು ಫ್ಯೂಶನ್. ಅಲ್ಲಿ ಎರಡು ಅಡುಗೆಮನೆಗಳು ಒಂದೇ ತಟ್ಟೆಯಲ್ಲಿ ಕೂಡುತ್ತವೆ. ಬೆಂಗಳೂರಿನಲ್ಲಿ ಫ್ಯೂಶನ್ ಎಂದು ಕರೆದುಕೊಳ್ಳುವ ಬಹುಪಾಲು ಜಾಗಗಳು ಎರಡನೆಯ ಬಗೆಯವು, ನಡುನಡುವೆ ನಾಲ್ಕಾರು ಕೂಡಿಕೆಯ ತಿನಿಸು ಇಟ್ಟಿರುತ್ತಾರೆ.

ಒಳ್ಳೆಯ ಕೂಡಿಕೆಯ ಹಿಂದೆ ಸಾಮಾನ್ಯವಾಗಿ ಜನರ ವಲಸೆಯ ಕಥೆ ಇರುತ್ತದೆ. 1899ರಲ್ಲಿ ಜಪಾನಿನಿಂದ ಮೊದಲ ತಂಡ ಪೆರುವಿಗೆ ಕೂಲಿಗೆಂದು ಹಡಗು ಹತ್ತಿತು. ಅಲ್ಲಿನ ನಿಂಬೆ, ಮೆಣಸಿನಕಾಯಿ, ಕಡಲ ಮೀನಿಗೆ ಇವರ ಸೋಯಾ ಸಾಸೂ ಹಸಿ ಮೀನು ಕೊಯ್ಯುವ ಕೈಚಳಕವೂ ಸೇರಿ ನಿಕ್ಕೇ ಎಂಬ ಅಡುಗೆ ಬೆಳೆಯಿತು. ಜಪಾನಿನ ನೊಬು ಮತ್ಸುಹಿಸಾ 1973ರಲ್ಲಿ ಲಿಮಾಕ್ಕೆ ಹೋಗಿ ಈ ರುಚಿ ಕಲಿತವರು. 1987ರಲ್ಲಿ ಅಮೆರಿಕದ ಬೆವರ್ಲಿ ಹಿಲ್ಸ್‌ನಲ್ಲಿ ತಮ್ಮ ರೆಸ್ಟೋರೆಂಟ್ ತೆರೆದರು. ಇವತ್ತು ನಮ್ಮೂರಿನ ಮೆನುಗಳಲ್ಲಿ ಕಾಣುವ ಮಿಸೊ ಹಚ್ಚಿ ಸುಟ್ಟ ಮೀನು, ಹಸಿ ಮೀನಿನ ಎಸಳಿನ ಮೇಲೆ ಹಸಿಮೆಣಸಿನಕಾಯಿ ಚಕ್ರ, ಇವು ಬಹುತೇಕ ಅವರ ದಾರಿಯಲ್ಲೇ ಬಂದವು. ಮಲಾಕ್ಕಾ, ಪೆನಾಂಗ್‌ಗಳಲ್ಲಿ ನೆಲೆಸಿದ ಚೀನೀ ವ್ಯಾಪಾರಿಗಳ ಮನೆಗಳಲ್ಲಿ ಮಲಯ್ ಮಸಾಲೆ ಸೇರಿ ನ್ಯೋನ್ಯಾ ಅಡುಗೆಯಾಯಿತು. ತೆಂಗಿನಹಾಲಿನ ನೂಡಲ್ಸ್ ಸಾರು ಲಕ್ಸಾ ಅಲ್ಲಿಯದು. ಜಪಾನಿನದೇ ಎಂದು ನಾವು ನಂಬಿರುವ ಟೆಂಪೂರಾ (ಹಿಟ್ಟಿನಲ್ಲಿ ಅದ್ದಿ ಕರಿದದ್ದು) ಕೂಡ 16ನೇ ಶತಮಾನದಲ್ಲಿ ಪೋರ್ಚುಗೀಸರಿಂದ ಕಲಿತದ್ದು.

ಹೀಗೆ ತಲೆಮಾರುಗಳ ಕಾಲ ಒಲೆಯ ಮೇಲೆ ಬೆಂದ ಕೂಡಿಕೆ ಬೇರೆ, ದುಬಾರಿ ಹೆಸರುಗಳನ್ನು ಒಂದರ ಮೇಲೊಂದು ಪೇರಿಸುವುದು ಬೇರೆ. ಒಂದೇ ತಿನಿಸಿನಲ್ಲಿ ಟ್ರಫಲ್ ಅಣಬೆ, ಚೀಸ್, ವಸಾಬಿ, ಮಾವು ನಾಲ್ಕೂ ಇದ್ದರೆ ನಾನು ಮುಂದಿನ ಸಾಲಿಗೆ ಹೋಗುತ್ತೇನೆ. ಅಂದಹಾಗೆ, ಮಾರುಕಟ್ಟೆಯ ಬಹುಪಾಲು ಟ್ರಫಲ್ ಎಣ್ಣೆಗೆ ಆ ಪರಿಮಳ ಬರುವುದು ಆ ಅಪರೂಪದ ಅಣಬೆಯಿಂದ ಅಲ್ಲ, ಕೃತಕ ಸುವಾಸನೆಯಿಂದ. ಅದಕ್ಕೆಂದು ಹೆಚ್ಚು ಬೆಲೆ ತೆರುವ ಮುನ್ನ ಯೋಚಿಸಿ.

2. ಮೆನುವನ್ನು ಮನೆಯಲ್ಲೇ ಓದಿ, ಫೋನ್ ಮಾಡಿಯೇ ಬುಕ್ ಮಾಡಿ

ಮೆನು ಈಗ ಎಲ್ಲರದ್ದೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಹಿಂದಿನ ದಿನವೇ ಮನೆಮಂದಿ ಕೂತು ನೋಡಿ. ಗೊತ್ತಿಲ್ಲದ ಹೆಸರುಗಳ ಚಿತ್ರ ಹುಡುಕಿ. ಬೆಲೆಯೂ ಆಗಲೇ ತಿಳಿಯುತ್ತದೆ, ಟೇಬಲಿನ ಮುಂದೆ ಕೂತು ಒಳಗೊಳಗೇ ಲೆಕ್ಕ ಹಾಕುವ ಕಷ್ಟ ತಪ್ಪುತ್ತದೆ. ಕೆಲಸದ ದಿನಗಳ ಮಧ್ಯಾಹ್ನ ಸೆಟ್ ಊಟ ಇದೆಯೇ ನೋಡಿ. ಇದ್ದರೆ ಅದೇ ಅಡುಗೆಮನೆಯ ರುಚಿ ಕಡಿಮೆ ಖರ್ಚಿಗೆ ಸಿಗುತ್ತದೆ. ಮೊದಲ ಸಲ ಹೋಗುವವರಿಗೆ ನನ್ನ ಸಲಹೆ ಅದೇ.

ಬುಕಿಂಗಿಗೆ ಆ್ಯಪ್ ಸಾಕು ಎನ್ನುತ್ತಾರೆ. ನಾನು ಫೋನೇ ಮಾಡುತ್ತೇನೆ, ಮಧ್ಯಾಹ್ನ ಮೂರೂವರೆಯಿಂದ ಆರರ ಒಳಗೆ, ಅಡುಗೆಮನೆ ಸ್ವಲ್ಪ ಬಿಡುವಾಗಿರುವಾಗ. ಎಷ್ಟು ಜನ, ಎಷ್ಟು ಹೊತ್ತಿಗೆ ಎಂಬುದರ ಜೊತೆಗೆ ಈ ವಿಷಯಗಳನ್ನೂ ಮಾತಾಡಿಕೊಳ್ಳಿ: ನಮ್ಮಲ್ಲಿ ಇಷ್ಟು ಜನ ಶುದ್ಧ ಸಸ್ಯಾಹಾರಿಗಳು, ಮೀನಿನ ಸಾರು, ಫಿಶ್ ಸಾಸ್ ಕೂಡ ಆಗದು, ಇಂಥವರಿಗೆ ಕಡಲೆಕಾಯಿ ಅಥವಾ ಸಿಗಡಿ ಅಲರ್ಜಿ, ಮಂಡಿ ನೋವಿನ ಹಿರಿಯರಿದ್ದಾರೆ, ಎತ್ತರದ ಸ್ಟೂಲಿನ ಟೇಬಲ್ ಬೇಡ, ಮೆಟ್ಟಿಲಿಲ್ಲದ ಕಡೆ ಕೊಡಿ, ಟೇಬಲಿಗೆ ಹೊತ್ತಿನ ಮಿತಿ ಇದೆಯೇ, ಉಡುಪಿನ ನಿಯಮ ಇದೆಯೇ. ಕೆಲವು ಕಡೆ ರಾತ್ರಿ ಹೊತ್ತು ಗಂಡಸರ ಚಡ್ಡಿ, ಚಪ್ಪಲಿಗೆ ಪ್ರವೇಶವಿಲ್ಲ. ಸೀರೆ, ಸಲ್ವಾರ್, ಇಸ್ತ್ರಿ ಮಾಡಿದ ಅಂಗಿ ಪ್ಯಾಂಟು ಎಲ್ಲಿಗೂ ಸಲ್ಲುತ್ತವೆ.

ಈ ಫೋನಿಗೆ ಬರುವ ಉತ್ತರದಲ್ಲೇ ಅರ್ಧ ಪರೀಕ್ಷೆ ಮುಗಿಯುತ್ತದೆ. "ಶೆಫ್ ಹತ್ತಿರ ಕೇಳಿ ಹೇಳ್ತೀನಿ" ಅಂದು ತಿರುಗಿ ಫೋನ್ ಮಾಡಿದರೆ ಆ ಜಾಗ ನಂಬಬಹುದು. ಪ್ರಶ್ನೆ ಮುಗಿಯುವ ಮೊದಲೇ "ಎಲ್ಲಾ ಆಗತ್ತೆ, ಬನ್ನಿ" ಎಂದರೆ ನಾನು ಬೇರೆ ಕಡೆ ನೋಡುತ್ತೇನೆ.

3. ಸಸ್ಯಾಹಾರಿಗಳು ಕೇಳಲೇಬೇಕಾದ ಪ್ರಶ್ನೆ

ಇದನ್ನು ಸ್ವಲ್ಪ ವಿವರವಾಗಿ ಬರೆಯಬೇಕು, ಏಕೆಂದರೆ ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲೇ. "ಇದು ವೆಜ್ಜಾ?" ಎಂದು ಕೇಳಬೇಡಿ. ಆ ಪ್ರಶ್ನೆಗೆ ಬಡಿಸುವವರು ಮೆನು ನೋಡಿ ಹೌದು ಅಂದುಬಿಡುತ್ತಾರೆ. "ಇದರ ಸಾರು ಯಾವುದರಿಂದ ಮಾಡಿದ್ದು? ಸಾಸಿನಲ್ಲಿ ಏನೇನಿದೆ?" ಎಂದು ಕೇಳಿ. ಈ ಪ್ರಶ್ನೆಗೆ ಹೌದು ಅಲ್ಲ ಎಂಬ ಉತ್ತರವಿಲ್ಲ, ಅವರು ಅಡುಗೆಮನೆಗೆ ಹೋಗಿ ಬರಲೇಬೇಕು.

ಪೂರ್ವ ಮತ್ತು ಆಗ್ನೇಯ ಏಷ್ಯಾದ ಅಡುಗೆಗಳಲ್ಲಿ ಮೀನು ಮತ್ತು ಸಿಗಡಿ ಎರಡು ರೂಪದಲ್ಲಿ ಬರುತ್ತವೆ. ಒಂದು ತುಂಡಾಗಿ, ಇನ್ನೊಂದು ನಮ್ಮ ಇಂಗಿನ ಹಾಗೆ ಕಣ್ಣಿಗೆ ಕಾಣದ ಒಗ್ಗರಣೆಯಾಗಿ. ಎರಡನೆಯದೇ ತೊಂದರೆ ಕೊಡುವುದು. ಜಪಾನಿನ ಅಡುಗೆಗೆ ಬುನಾದಿ ದಾಶಿ ಎಂಬ ತಿಳಿಸಾರು. ಕೊಂಬು ಎಂಬ ಕಡಲಕಳೆ, ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಬೊನಿಟೊ ಮೀನು ಎರಡನ್ನೂ ನೀರಿಗೆ ಹಾಕಿ ತೆಗೆಯುತ್ತಾರೆ. ಮಿಸೊ ಸೂಪ್, ಉಡಾನ್ ನೂಡಲ್ಸಿನ ಸಾರು, ಟೆಂಪೂರಾ ಅದ್ದಿ ತಿನ್ನಲು ಕೊಡುವ ಸಾಸು, ಬದನೆಕಾಯಿಯ ಮೇಲಿನ ಸಾಸು, ಎಲ್ಲದರಲ್ಲೂ ಇದು ಇರಬಹುದು. ಕೊಂಬು ಅಥವಾ ಒಣಗಿದ ಶಿಟಾಕೆ ಅಣಬೆ ಮಾತ್ರ ಹಾಕಿ ಮಾಡುವ ದಾಶಿಯೂ ಇದೆ. ಜಪಾನಿನ ಬೌದ್ಧ ಮಠಗಳ ಅಡುಗೆಯಲ್ಲಿ ಅದನ್ನೇ ಬಳಸುತ್ತಾರೆ. ಹಾಗಾಗಿ "ಕೊಂಬು ದಾಶಿಯಲ್ಲಿ ಮಾಡಿಕೊಡ್ತೀರಾ?" ಎಂದು ಕೇಳುವುದರಲ್ಲಿ ತಪ್ಪೇನಿಲ್ಲ, ಒಳ್ಳೆಯ ಶೆಫ್ ಖುಷಿಯಿಂದಲೇ ಮಾಡಿಕೊಡುತ್ತಾರೆ.

ಥಾಯ್ ಅಡುಗೆಯಲ್ಲಿ ಉಪ್ಪಿನ ಜಾಗದಲ್ಲಿ ಫಿಶ್ ಸಾಸ್ ನಿಲ್ಲುತ್ತದೆ. ಹಸಿರು, ಕೆಂಪು ಕರಿಗಳ ಮಸಾಲೆ ಅರೆಯುವಾಗಲೇ ಸಿಗಡಿಯ ಪೇಸ್ಟ್ ಸೇರಿಸಿರುತ್ತಾರೆ. ಕರಾವಳಿಯವರಿಗೆ ಒಣ ಸಿಗಡಿ ಚಟ್ನಿಯ ವಾಸನೆ ಗೊತ್ತು, ಅವರು ಮೂಗಿನಲ್ಲೇ ಹಿಡಿಯುತ್ತಾರೆ. ಬಯಲುಸೀಮೆಯ ಸಸ್ಯಾಹಾರಿಗಳಿಗೆ ಅದು ತಿಳಿಯುವುದಿಲ್ಲ. "ವೆಜ್ ಗ್ರೀನ್ ಕರಿ" ಎಂದರೆ ಎಷ್ಟೋ ಕಡೆ ಅದೇ ಮಸಾಲೆಗೆ ಕೋಳಿಯ ಬದಲು ತರಕಾರಿ ಹಾಕಿದ್ದು, ಅಷ್ಟೇ. ಕರಿ ಪೇಸ್ಟ್ ಇಲ್ಲೇ ಅರೆದದ್ದೋ ಡಬ್ಬಿಯದೋ, ಸಿಗಡಿ ಇಲ್ಲದ್ದು ಬೇರೆ ಇಟ್ಟಿದ್ದೀರೋ ಎಂದು ಕೇಳಿ. ಪಪ್ಪಾಯಿ ಸಲಾಡ್, ಪ್ಯಾಡ್ ಥಾಯ್ ನೂಡಲ್ಸ್ ಎರಡರಲ್ಲೂ ಒಣ ಸಿಗಡಿ, ಫಿಶ್ ಸಾಸ್ ವಾಡಿಕೆ.

ಚೀನೀ ಕಡೆಗೆ ಬಂದರೆ ಆಯ್‌ಸ್ಟರ್ ಸಾಸ್. ಹೆಸರೇ ಹೇಳುವಂತೆ ಅದು ಸಿಂಪಿಯದು. ಅಣಬೆಯಿಂದ ಮಾಡಿದ ಸಸ್ಯಾಹಾರಿ ಆಯ್‌ಸ್ಟರ್ ಸಾಸ್ ಸಿಗುತ್ತದೆ, ಬಾಟಲಿ ಯಾವುದು ಎಂದು ಕೇಳಿ. ಎಕ್ಸ್‌ಒ ಸಾಸ್ ಎಂದಿದ್ದರೆ ಅದರಲ್ಲಿ ಒಣ ಸಿಗಡಿ, ಒಣ ಚಿಪ್ಪುಜೀವಿ ಇರುತ್ತವೆ. ಸೂಪಿಗೆ ಕೋಳಿ ಸ್ಟಾಕ್ ಹಾಕುವುದು ಸಾಮಾನ್ಯ. ಕೊರಿಯಾದ ಕಿಮ್ಚಿ ನೋಡಲು ನಮ್ಮ ಉಪ್ಪಿನಕಾಯಿಯ ಬಂಧುವಿನಂತಿದ್ದರೂ ಹೆಚ್ಚಾಗಿ ಉಪ್ಪು ಹಾಕಿ ಹುದುಗಿಸಿದ ಸಿಗಡಿ ಅಥವಾ ಫಿಶ್ ಸಾಸ್ ಸೇರಿಸಿಯೇ ಮಾಡುತ್ತಾರೆ. ಬಿಸಿ ತಿನಿಸಿನ ಮೇಲೆ ತೆಳ್ಳಗೆ ಕುಣಿಯುವ ಕಂದು ಎಸಳು ಕಂಡರೆ ಅದು ಬೊನಿಟೊ ಮೀನು. ಜಪಾನೀ ಮೇಯನೇಸಿನಲ್ಲಿ ಮೊಟ್ಟೆಯ ಹಳದಿ ಇರುತ್ತದೆ, ರಾಮೆನ್‌ಗೆ ಮೊಟ್ಟೆ ನೂಡಲ್ಸ್ ಬಳಸುವವರಿದ್ದಾರೆ. ಸಿಹಿಯಲ್ಲಿ ಜೆಲಾಟಿನ್ ಇದೆಯೋ ಅಗರ್ ಅಗರ್ ಇದೆಯೋ ಕೇಳಿ. ಮೊದಲನೆಯದು ಪ್ರಾಣಿಯ ಮೂಳೆ, ಚರ್ಮದಿಂದ ಬಂದದ್ದು, ಎರಡನೆಯದು ಕಡಲಕಳೆಯದು.

ತರಕಾರಿ ಟೆಂಪೂರಾ ಕರಿಯುವ ಎಣ್ಣೆಯೂ ಸಿಗಡಿ ಕರಿಯುವ ಎಣ್ಣೆಯೂ ಒಂದೇ ಇರಬಹುದು. ಅದು ನಿಮ್ಮ ಮನೆಯವರಿಗೆ ಮುಖ್ಯವಾದರೆ ಅದನ್ನೂ ಕೇಳಿ, ಕೆಲವು ಕಡೆ ಬೇರೆ ಬಾಣಲೆ ಇಟ್ಟಿರುತ್ತಾರೆ.

ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೂ ದಾರಿಯಿದೆ. ಬೆಂಗಳೂರಿನಲ್ಲಿ "ಜೈನ್" ಎಂದರೆ ಅಡುಗೆಯವರಿಗೆ ಥಟ್ಟನೆ ತಿಳಿಯುತ್ತದೆ. ಚೀನೀ ಬೌದ್ಧ ಸಂಪ್ರದಾಯದ ಅಡುಗೆಯಲ್ಲೂ ಈರುಳ್ಳಿ, ಬೆಳ್ಳುಳ್ಳಿ ಸೇರಿದಂತೆ ಐದು ಘಾಟು ಪದಾರ್ಥಗಳು ನಿಷಿದ್ಧ. ನಮ್ಮ ಮಡಿ ಅಡುಗೆಗೂ ಅವರ ಮಠದ ಅಡುಗೆಗೂ ಇರುವ ಈ ಹೋಲಿಕೆ ತಿಳಿದಾಗ ಅಮ್ಮನಿಗೆ ಆ ಮೆನುವಿನ ಮೇಲಿದ್ದ ಅಪನಂಬಿಕೆ ಬಹಳ ಕಡಿಮೆಯಾಯಿತು. ಬೆಳ್ಳುಳ್ಳಿ ಹಾಕಿ ಮೊದಲೇ ಮಾಡಿಟ್ಟ ಸಾಸುಗಳನ್ನು ಬಿಟ್ಟು, ಶುಂಠಿ ಸೋಯಾದ ತೋಫು, ಸೌತೆಕಾಯಿ ಅಥವಾ ಬೆಣ್ಣೆಹಣ್ಣಿನ ಸುಶಿ ರೋಲ್, ಹಬೆಯಲ್ಲಿ ಬೇಯಿಸಿದ ಅಣಬೆ ಡಿಮ್ ಸಮ್ ಕೇಳಿ. ಡಿಮ್ ಸಮ್ ಎಂದರೆ ಗೌರಿಗಣೇಶದ ಕಡುಬು ತಿಂದವರಿಗೆ ಪರಿಚಯ ಬೇಕಿಲ್ಲ.

ಅಲರ್ಜಿ ಇರುವವರಿಗೆ ಒಂದು ಅನುಕೂಲವಿದೆ. ಹತ್ತು ಅಥವಾ ಹೆಚ್ಚು ಕಡೆ ಶಾಖೆಯಿರುವ ರೆಸ್ಟೋರೆಂಟುಗಳು ಮೆನುವಿನಲ್ಲಿ ಕ್ಯಾಲರಿ ನಮೂದಿಸಬೇಕು, ಅಲರ್ಜಿ ತರುವ ಪದಾರ್ಥಗಳ ಮಾಹಿತಿ ಕೊಡಬೇಕು ಎಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ 2022ರ ಜುಲೈನಿಂದ ಜಾರಿಯಲ್ಲಿದೆ. ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ ಎಂಬುದನ್ನು ಗ್ಲುಟೆನ್ ಆಗದವರು ಮರೆಯಬಾರದು.

ಇನ್ನು ಅಜಿನೊಮೊಟೊ. 1908ರಲ್ಲಿ ಜಪಾನಿನ ವಿಜ್ಞಾನಿ ಇಕೆಡಾ ಕೊಂಬು ಸಾರಿನ ರುಚಿಯ ಮೂಲ ಹುಡುಕುತ್ತಾ ಗ್ಲುಟಮೇಟ್ ಕಂಡುಕೊಂಡರು, ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸೋಯಾ ಸಾಸ್, ಟೊಮೆಟೊ, ಅಣಬೆ ಎಲ್ಲದರಲ್ಲೂ ಅದು ತಾನಾಗಿಯೇ ಇದೆ. ಬೇಡ ಅನಿಸಿದರೆ ಬೇಡ ಎನ್ನಿ, ಆದರೆ ಅದಕ್ಕೆ ಹೆದರಿ ಊಟ ಕೆಡಿಸಿಕೊಳ್ಳುವ ಅಗತ್ಯ ನನಗೆ ಕಂಡಿಲ್ಲ.

4. ಆರ್ಡರ್: ಅರ್ಧ ಈಗ, ಅರ್ಧ ಆಮೇಲೆ

ಇಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪ್ಲೇಟ್ ಎಂಬ ಲೆಕ್ಕ ಇಲ್ಲ. ಎಲ್ಲವೂ ನಡುವೆ ಇಟ್ಟು ಹಂಚಿ ತಿನ್ನುವಂಥದ್ದು. ನಾಲ್ಕು ಜನರಿಗೆ ಒಂದು ಸಲಾಡ್ ಅಥವಾ ತಣ್ಣನೆಯ ತಿನಿಸು, ಒಂದು ಸುಶಿ ರೋಲ್, ಎರಡು ಬುಟ್ಟಿ ಡಿಮ್ ಸಮ್, ಒಂದು ಕರಿದ ಅಥವಾ ಸುಟ್ಟ ತಿನಿಸು, ಒಂದು ಕರಿ, ಒಂದು ಅನ್ನ ಅಥವಾ ನೂಡಲ್ಸ್ ಸಾಕು. ಒಂದು ಪ್ಲೇಟಿನಲ್ಲಿ ಎಷ್ಟು ತುಂಡು ಬರುತ್ತದೆ ಎಂದು ಪ್ರತಿ ಸಲ ಕೇಳಿ. ಡಿಮ್ ಸಮ್ ಬುಟ್ಟಿಯಲ್ಲಿ ಹೆಚ್ಚಾಗಿ ಮೂರೋ ನಾಲ್ಕೋ ಇರುತ್ತವೆ. ಐದು ಜನರ ಮುಂದೆ ನಾಲ್ಕು ಕಡುಬು ಬಂದರೆ ಹಿರಿಯರು ನನಗೆ ಬೇಡ ಅನ್ನುತ್ತಾರೆ, ಆ ಬೇಡ ನಿಜವಲ್ಲ.

ಸೂಪು, ಸುಶಿ, ಕರಿ ಮೂರೂ ಒಟ್ಟಿಗೆ ಬಂದರೆ ಎಲ್ಲವೂ ಕೆಡುತ್ತವೆ. ಇಂಥ ಅಡುಗೆಮನೆಗಳಲ್ಲಿ ಯಾವುದು ಮೊದಲು ಆಯಿತೋ ಅದನ್ನು ಕಳಿಸುವ ಪದ್ಧತಿ ಹೆಚ್ಚು. ಅದಕ್ಕೆ ಮೊದಲೇ "ಒಂದೊಂದಾಗಿ ತನ್ನಿ, ನಾವೇ ಹೇಳ್ತೀವಿ" ಎನ್ನಿ. ಮೊದಲು ತಣ್ಣನೆಯದು, ಹಸಿಯದು. ಆಮೇಲೆ ಹಬೆಯದು. ನಂತರ ಕರಿದದ್ದು, ಸುಟ್ಟದ್ದು. ಕೊನೆಗೆ ಕರಿ, ಅನ್ನ. ನಾಲಿಗೆ ಒಮ್ಮೆ ಖಾರಕ್ಕೆ ಹೊಂದಿಕೊಂಡರೆ ಹಸಿ ಮೀನಿನ ಸೂಕ್ಷ್ಮ ರುಚಿ ಅದಕ್ಕೆ ತಿಳಿಯುವುದಿಲ್ಲ. ಕರಿ, ಅನ್ನವನ್ನು ಮೊದಲೇ ಹೇಳಬೇಡಿ. ಡಿಮ್ ಸಮ್ ಮುಗಿಯುವ ಹೊತ್ತಿಗೆ ಹೊಟ್ಟೆ ನೋಡಿಕೊಂಡು ಹೇಳಿ, ಬಿಲ್ಲೂ ಹಗುರಾಗುತ್ತದೆ.

ಬಡಿಸುವವರ ಹತ್ತಿರ ಮಾತಾಡಿ. ಬೆಂಗಳೂರಿನ ಏಷ್ಯನ್ ಅಡುಗೆಮನೆಗಳಲ್ಲಿ ದುಡಿಯುವವರಲ್ಲಿ ಮಣಿಪುರ, ನಾಗಾಲ್ಯಾಂಡ್, ಡಾರ್ಜಿಲಿಂಗ್ ಕಡೆಯವರು ಬಹಳ. ಸೋಯಾ ಕಾಳನ್ನು ಹುದುಗಿಸಿ ತಿನ್ನುವುದು ಅವರಲ್ಲಿ ಹಲವರಿಗೆ ಮನೆಯ ಅಡುಗೆ. ಮಣಿಪುರದಲ್ಲಿ ಅದಕ್ಕೆ ಹವೈಜಾರ್ ಎನ್ನುತ್ತಾರೆ, ನಾಗಾಲ್ಯಾಂಡಿನಲ್ಲಿ ಅಕುನಿ. "ನಿಮಗೆ ಇಲ್ಲಿ ಯಾವುದು ಇಷ್ಟ?" ಎಂದು ಒಬ್ಬ ಹುಡುಗಿಯನ್ನು ಕೇಳಿದ್ದೆ. ಆಕೆ ಮೆನುವಿನ ಅತ್ಯಂತ ಅಗ್ಗದ ತಿನಿಸುಗಳಲ್ಲೊಂದಾದ ಕಳಲೆ ಮತ್ತು ಅಣಬೆಯ ಸಾರು ತೋರಿಸಿದಳು. ಮಲೆನಾಡಿನ ನಮ್ಮ ಅತ್ತೆ ಎರಡು ಸಲ ಹಾಕಿಸಿಕೊಂಡರು.

ಒಮಾಕಾಸೆ ಅಥವಾ ಟೇಸ್ಟಿಂಗ್ ಮೆನು ಎಂದರೆ "ನಿಮ್ಮ ಕೈಗೇ ಬಿಟ್ಟಿದ್ದೇವೆ" ಎಂದು ಶೆಫ್‌ಗೆ ಒಪ್ಪಿಸುವುದು. ಎರಡು ಗಂಟೆಯಾದರೂ ಬೇಕು, ತಿನ್ನದ್ದನ್ನು ಮೊದಲೇ ಹೇಳಿರಬೇಕು. ಚಿಕ್ಕ ಮಕ್ಕಳಿದ್ದರೆ ಬೇಡ.

5. ಕಡ್ಡಿ ಹಿಡಿಯುವುದು

ಚಾಪ್‌ಸ್ಟಿಕ್ ಎಂಬ ಊಟದ ಕಡ್ಡಿ ಹಿಡಿಯಲು ಬರದಿದ್ದರೆ ಫೋರ್ಕ್ ಕೇಳಿ, ಅದರಲ್ಲಿ ನಾಚಿಕೆಯೇನೂ ಇಲ್ಲ. ಥಾಯ್ಲೆಂಡಿನಲ್ಲಂತೂ ಅನ್ನ, ಕರಿ ತಿನ್ನುವುದು ಚಮಚ ಫೋರ್ಕಿನಲ್ಲೇ. ಫೋರ್ಕಿನಿಂದ ಚಮಚಕ್ಕೆ ತಳ್ಳಿ, ಚಮಚದಿಂದ ಬಾಯಿಗೆ ಹಾಕಿಕೊಳ್ಳುತ್ತಾರೆ. ಕಲಿಯುವ ಆಸೆಯಿದ್ದರೆ ಮನೆಯಲ್ಲಿ ಒಂದು ವಾರ ಕಡಲೆಕಾಯಿ ಬೀಜ ಹೆಕ್ಕಿ ಅಭ್ಯಾಸ ಮಾಡಿ.

ಕೆಳಗಿನ ಕಡ್ಡಿ ಅಲುಗಬಾರದು. ಹೆಬ್ಬೆರಳ ಬುಡದ ಸಂದಿಯಲ್ಲಿ ಅದನ್ನು ಒರಗಿಸಿ, ಮುಂದಿನ ಭಾಗವನ್ನು ಉಂಗುರದ ಬೆರಳ ಮೇಲೆ ಕೂರಿಸಿ. ಮೇಲಿನ ಕಡ್ಡಿಯನ್ನು ಪೆನ್ನಿನ ಹಾಗೆ ಹೆಬ್ಬೆರಳು, ತೋರುಬೆರಳು, ನಡುಬೆರಳಲ್ಲಿ ಹಿಡಿಯಿರಿ. ಮೇಲಿನದು ಮಾತ್ರ ಏಳಬೇಕು, ಇಳಿಯಬೇಕು. ಎರಡೂ ತುದಿ ಸಮ ಇರಲಿ. ತುದಿಗೆ ತೀರಾ ಹತ್ತಿರ ಹಿಡಿದರೆ ಬಲ ಬಂದಂತೆ ಅನಿಸುತ್ತದೆ, ಆದರೆ ಕಡ್ಡಿಗಳ ತುದಿ ಸಾಕಷ್ಟು ತೆರೆಯುವುದಿಲ್ಲ. ಹಿಂದಿನಿಂದ ಮೂರನೇ ಒಂದು ಭಾಗದಲ್ಲಿ ಹಿಡಿಯಿರಿ.

ಎರಡು ತಪ್ಪು ಮಾತ್ರ ಮಾಡಬೇಡಿ. ಅನ್ನದ ಬಟ್ಟಲಿನಲ್ಲಿ ಕಡ್ಡಿಯನ್ನು ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ, ಜಪಾನಿನಲ್ಲಿ ಸತ್ತವರ ಮುಂದೆ ಅನ್ನ ಇಡುವುದು ಹಾಗೆ. ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತಿನಿಸು ದಾಟಿಸಬೇಡಿ, ಅಲ್ಲಿ ಚಿತೆಯಿಂದ ಅಸ್ಥಿ ಆಯುವಾಗ ಹಾಗೆ ಮಾಡುತ್ತಾರೆ. ಎಡೆ ಇಡುವ ರೀತಿಯಲ್ಲಿ ಹಬ್ಬದೂಟ ಬಡಿಸಬಾರದೆಂದು ನಾವು ನೋಡಿಕೊಳ್ಳುವುದಿಲ್ಲವೇ, ಅಂಥದ್ದೇ ಇದೂ. ತಟ್ಟೆಯಿಂದ ಹಂಚಿಕೊಳ್ಳಲು ಬೇರೆ ಚಮಚ ಅಥವಾ ಕಡ್ಡಿ ಕೇಳಿ. ಎಂಜಲಿನ ಬಗ್ಗೆ ನಮ್ಮ ಮನೆಗಳಲ್ಲಿ ಇರುವ ಸೂಕ್ಷ್ಮ ಇಲ್ಲಿ ಸಹಜವಾಗಿಯೇ ಸಲ್ಲುತ್ತದೆ.

6. ಒಂದೊಂದನ್ನೂ ತಿನ್ನುವ ಬಗೆ

ಸುಶಿ. ಅನ್ನದ ಉಂಡೆಯ ಮೇಲೆ ಮೀನಿಟ್ಟ ನಿಗಿರಿಯನ್ನು ಕೈಯಲ್ಲಿ ತಿನ್ನಬಹುದು, ಜಪಾನಿನಲ್ಲೂ ತಿನ್ನುತ್ತಾರೆ. ಅದನ್ನು ಮಗುಚಿ ಮೀನಿನ ಬದಿಯನ್ನಷ್ಟೇ ಸೋಯಾಕ್ಕೆ ತಾಗಿಸಿ, ಅನ್ನ ಅದ್ದಿದರೆ ಉದುರುತ್ತದೆ. ಒಂದೇ ತುತ್ತು. ಪಕ್ಕದ ಗುಲಾಬಿ ಬಣ್ಣದ ಶುಂಠಿ ಮೇಲಿಟ್ಟು ತಿನ್ನಲಿಕ್ಕಲ್ಲ. ಒಂದು ಸುಶಿಗೂ ಇನ್ನೊಂದಕ್ಕೂ ನಡುವೆ ಬಾಯಿ ಶುಚಿ ಮಾಡಿಕೊಳ್ಳಲು ಅದು. ಹಸಿರು ವಸಾಬಿ ಚಟ್ನಿಯಲ್ಲ, ಸಾಸಿವೆ ಕಾಳಿನಷ್ಟು ಸಾಕು, ಘಾಟು ನೇರ ಮೂಗಿಗೆ ಏರುತ್ತದೆ. ಹೆಚ್ಚಿನ ಕಡೆ ಬರುವುದು ಹಾರ್ಸ್‌ರಾಡಿಷ್ ಬೇರಿಗೆ ಸಾಸಿವೆ, ಹಸಿರು ಬಣ್ಣ ಸೇರಿಸಿದ್ದು. ನಿಜವಾದ ವಸಾಬಿ ಬೇರನ್ನು ತುರಿದ ಕೆಲವೇ ನಿಮಿಷಗಳಲ್ಲಿ ಪರಿಮಳ ಹೋಗುತ್ತದೆ, ಅದಕ್ಕೇ ಎದುರಲ್ಲೇ ತುರಿದು ಕೊಡುತ್ತಾರೆ.

ಗರ್ಭಿಣಿಯರು, ಚಿಕ್ಕ ಮಕ್ಕಳು, ಕೀಮೋ ಅಥವಾ ಕಸಿ ಚಿಕಿತ್ಸೆಯಲ್ಲಿರುವವರು ಹಸಿ ಮೀನು ತಿನ್ನಬಾರದು. ಉಳಿದವರೂ ಮೀನು ಎಲ್ಲಿಂದ ಬಂದದ್ದು, ಹೇಗೆ ಶೈತ್ಯದಲ್ಲಿಟ್ಟದ್ದು ಎಂದು ಕೇಳಿ. ಪರಾವಲಂಬಿ ಹುಳುಗಳನ್ನು ಕೊಲ್ಲಲು ಮೀನನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 7 ದಿನ ಇಡಬೇಕು ಎಂಬುದು ಒಪ್ಪಿತ ಕ್ರಮ. "ತಾಜಾ, ಇವತ್ತಿನದೇ" ಎಂಬ ಉತ್ತರಕ್ಕಿಂತ "ಡೀಪ್ ಫ್ರೀಜ್ ಆಗಿ ಬಂದದ್ದು" ಎಂಬ ಉತ್ತರ ನನಗೆ ಹೆಚ್ಚು ಧೈರ್ಯ ಕೊಡುತ್ತದೆ.

ಡಿಮ್ ಸಮ್. ಬುಟ್ಟಿಯ ಮುಚ್ಚಳ ತೆಗೆದ ತಕ್ಷಣ ತಿನ್ನಿ, ಆರಿದರೆ ಹೊರಪದರ ಗಟ್ಟಿಯಾಗುತ್ತದೆ. ಫೋಟೊ ಒಂದು ಸಾಕು. ಒಳಗೆ ಸಾರು ತುಂಬಿದ ಶಾವೊಲಾಂಗ್‌ಬಾವ್ ಬಂದರೆ ಎಚ್ಚರ. ಅದರ ಒಳಗೆ ಮೂಳೆಸಾರು ಹೆಪ್ಪುಗಟ್ಟಿಸಿ ಇಟ್ಟಿರುತ್ತಾರೆ, ಬೆಂದಾಗ ಕರಗಿ ಕುದಿಯುವ ಸಾರಾಗುತ್ತದೆ. ಮೇಲಿನ ನೆರಿಗೆ ಹಿಡಿದು ಮೆಲ್ಲಗೆ ಎತ್ತಿ ಚಮಚದಲ್ಲಿಡಿ, ಬದಿಯಲ್ಲಿ ಚೂರು ಕಚ್ಚಿ ತೂತು ಮಾಡಿ, ಸಾರು ಹೀರಿ, ಆಮೇಲೆ ಉಳಿದದ್ದು ತಿನ್ನಿ. ಜೊತೆಗೆ ಬರುವ ಕಪ್ಪು ವಿನೆಗರ್ ಕೊಡಗಿನವರಿಗೆ ಕಾಚಂಪುಳಿಯನ್ನು ನೆನಪಿಸುತ್ತದೆ. ಚೀನೀ ಚಹಾ ಮುಗಿದರೆ ಪಾತ್ರೆಯ ಮುಚ್ಚಳವನ್ನು ಓರೆ ಮಾಡಿಡಿ, ಬಿಸಿನೀರು ಬೇಕೆಂಬ ಸೂಚನೆ ಅದು. ನಮ್ಮ ಕಡೆ ಎಲ್ಲರಿಗೂ ಅದು ತಿಳಿಯದು, ಬಾಯಲ್ಲೂ ಹೇಳಿ.

ಥಾಯ್ ಕರಿಯಲ್ಲಿ ಸಿಗುವ ಮಜ್ಜಿಗೆ ಹುಲ್ಲಿನ ತುಂಡು, ಗಟ್ಟಿ ನಿಂಬೆ ಎಲೆ, ಶುಂಠಿಯಂಥ ಗ್ಯಾಲಂಗಲ್ ಬಿಲ್ಲೆಗಳನ್ನು ಕರಿಬೇವಿನ ಹಾಗೆ ಪಕ್ಕಕ್ಕೆ ಇಡಿ. ಅನ್ನದ ಮೇಲೆ ಎರಡು ಚಮಚ ಕರಿ ಹಾಕಿಕೊಂಡು ತಿನ್ನುತ್ತಾ ಹೋಗಬೇಕು, ಸಾರನ್ನದಂತೆ ಪೂರ್ತಿ ಕಲಸುವ ಪದ್ಧತಿ ಅಲ್ಲಿಲ್ಲ. ಬಾವ್ (ಹಬೆಯಲ್ಲಿ ಬೆಂದ ಬನ್), ಅಕ್ಕಿಹಾಳೆಯ ರೋಲ್, ಲೆಟ್ಯೂಸ್ ಎಲೆಯಲ್ಲಿ ಸುತ್ತುವ ತಿನಿಸುಗಳಿಗೆ ಕೈಯೇ ಸರಿ. ರಾಮೆನ್, ಸೋಬಾ ನೂಡಲ್ಸನ್ನು ಸದ್ದು ಮಾಡಿ ಎಳೆದು ತಿನ್ನುವುದು ಜಪಾನಿನಲ್ಲಿ ಸಹಜ. ಸೂಪ್ ಬಟ್ಟಲು ಕೈಗೆತ್ತಿ ಕುಡಿಯುವುದೂ ಅಷ್ಟೇ.

7. ಬಿಲ್ ಬಂದಾಗ

ಕೂತ ಕೂಡಲೇ "ಸ್ಟಿಲ್ ಆರ್ ಸ್ಪಾರ್ಕ್ಲಿಂಗ್?" ಎಂದು ಕೇಳುತ್ತಾರೆ. ಎರಡೂ ಹಣ ಕೊಡುವ ಬಾಟಲಿ ನೀರು. "ರೆಗ್ಯುಲರ್ ವಾಟರ್ ಕೊಡಿ" ಎಂದರೆ ಫಿಲ್ಟರ್ ನೀರು ತರುತ್ತಾರೆ. ಕೇಳದೆ ತಂದಿಟ್ಟ ಕಿಮ್ಚಿ, ಕಡಲೆಬೀಜಕ್ಕೆ ಬೆಲೆ ಇದೆಯೇ ಎಂದೂ ಕೇಳಿ.

ಬಿಡಿ ರೆಸ್ಟೋರೆಂಟುಗಳಲ್ಲಿ ಊಟಕ್ಕೆ ಜಿಎಸ್‌ಟಿ ಶೇ 5. ಕೋಣೆ ಬಾಡಿಗೆ ದಿನಕ್ಕೆ 7,500 ರೂಪಾಯಿ ಮೀರುವ ದೊಡ್ಡ ಹೋಟೆಲುಗಳ ಒಳಗಿದ್ದರೆ ಶೇ 18. ನಾಲ್ಕು ಜನರ ಊಟ 10,000 ರೂಪಾಯಿ ಆದರೆ ಮೊದಲ ಕಡೆ ತೆರಿಗೆ 500, ಎರಡನೆಯ ಕಡೆ 1,800. ಜಾಗ ಆರಿಸುವಾಗಲೇ ಈ ವ್ಯತ್ಯಾಸ ಲೆಕ್ಕಕ್ಕೆ ಬರಲಿ.

ಸರ್ವಿಸ್ ಚಾರ್ಜ್ ತೆರಿಗೆಯಲ್ಲ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸಬಾರದು, ಕಡ್ಡಾಯ ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ದೆಹಲಿ ಹೈಕೋರ್ಟ್ 2025ರ ಮಾರ್ಚ್ 28ರಂದು ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಶೇ 10 ಕಂಡರೆ "ಇದನ್ನು ತೆಗೆದು ಬೇರೆ ಬಿಲ್ ಕೊಡಿ" ಎನ್ನಿ, ದನಿ ಏರಿಸುವ ಅಗತ್ಯವೇ ಇಲ್ಲ. ನಾನು ಹಾಗೆ ತೆಗೆಸಿ, ನಮ್ಮನ್ನು ಚೆನ್ನಾಗಿ ನೋಡಿಕೊಂಡವರ ಕೈಗೇ ನೇರವಾಗಿ ಹಣ ಕೊಡುತ್ತೇನೆ. ಅಡುಗೆಮನೆಗೆ ಮೂರು ಸಲ ಹೋಗಿ ಬಂದು ಅಮ್ಮನ ಪ್ರಶ್ನೆಗಳಿಗೆ ಉತ್ತರ ತಂದವರಿಗೆ ಅದು ಸಲ್ಲಬೇಕು.

ಉಳಿದದ್ದನ್ನು ಪಾರ್ಸೆಲ್ ಮಾಡಿಸಿಕೊಳ್ಳಿ. ಸುಶಿ, ಹಸಿ ಮೀನು ಮಾತ್ರ ಬೇಡ, ಅಲ್ಲೇ ಮುಗಿಸಿ. ಟೆಂಪೂರಾ ಮನೆಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ತೆಂಗಿನಹಾಲಿನ ಕರಿಯನ್ನು ಮನೆಗೆ ಬಂದ ತಕ್ಷಣ ಫ್ರಿಜ್ಜಿನಲ್ಲಿಡಿ. ಹೋದ ತಿಂಗಳು ಸಿಗಡಿ ಪೇಸ್ಟ್ ಇಲ್ಲದೆ ಬೇರೆಯಾಗಿ ಅರೆಸಿದ ಹಸಿರು ಕರಿ ಅರ್ಧ ಉಳಿದಿತ್ತು. ಮಾರನೆಯ ಬೆಳಿಗ್ಗೆ ಅಮ್ಮ ಅದನ್ನು ಚೆನ್ನಾಗಿ ಕುದಿಸಿ, ನೀರುದೋಸೆ ಹುಯ್ದು, ನನಗಿಂತ ಮೊದಲು ತಟ್ಟೆ ಹಾಕಿಕೊಂಡು ಕೂತಿದ್ದಳು.